ಅಡಿಕೆ ಸುಲಿಯೋ ರಾತ್ರಿಗೆ ಒಂದು ಕ್ಯಾಮೆರಾ

ನನ್ನ ಹಳೇ ಹಾರ್ಡ್ ಡಿಸ್ಕಲ್ಲಿ 2012ರ ಅಡಿಕೆ ಸುಗ್ಗಿದು ಅಂತ ಒಂದು ಫೋಲ್ಡರ್ ಇದೆ. ನಲವತ್ತೊಂದು ಫೋಟೋ, ಎಲ್ಲಾ ಒಂದೇ ರಾತ್ರಿದು, ಎಲ್ಲಾ ಅಜ್ಜಿದು. ತೀರ್ಥಹಳ್ಳಿ ಹತ್ರ ನಮ್ಮೂರ ಮನೆ ಜಗಲಿಲಿ ಅಜ್ಜಿ ಮೆಟ್ಟುಗತ್ತಿ ಮುಂದೆ ಕೂತು ಹಸಿ ಅಡಿಕೆ ಸುಲೀತಿದ್ರು, ಸುತ್ತ ಊರಿನ ಏಳೆಂಟು ಹೆಂಗಸರು, ಒಬ್ರು ಕಥೆ ಹೇಳೋರು, ಒಬ್ರು ಹೂಂಗುಟ್ಟೋರು, ಮೇಲಿಂದ ವೈರಲ್ಲಿ ಇಳಿಬಿಟ್ಟಿದ್ದ ಒಂದೇ ಒಂದು 60 ವ್ಯಾಟ್ ಬಲ್ಬು. ನನ್ನ ಹತ್ರ ಆಗ ನಿಕಾನ್ ಡಿ90 ಇತ್ತು, ಸೆಕೆಂಡ್ ಹ್ಯಾಂಡ್, ಜೊತೆಗೆ ಮೊದಲ ಸಂಬಳದಲ್ಲಿ ತಗೊಂಡಿದ್ದ 50 ಎಂಎಂ ಎಫ್ 1.8 ಲೆನ್ಸು (ಎಫ್ ಸಂಖ್ಯೆ ಸಣ್ಣದಾದಷ್ಟೂ ಒಳಗೆ ಬರೋ ಬೆಳಕು ಹೆಚ್ಚು). ಐಎಸ್‌ಒ, ಅಂದ್ರೆ ಕಮ್ಮಿ ಬೆಳಕನ್ನ ಹಿಗ್ಗಿಸಿ ತೋರ್ಸೋ ಸೆಟ್ಟಿಂಗು, 3200ಕ್ಕೆ ಏರಿಸಿ, ಲೆನ್ಸ್ ಪೂರ್ತಿ ತೆರೆದು, ಆದ್ರೂ ಶಟರ್ ಸಿಕ್ಕಿದ್ದು 1/60 ಸೆಕೆಂಡ್. ಅಜ್ಜಿ ಕೈ 1/60ಕ್ಕೆ ನಿಲ್ಲೋ ಕೈ ಅಲ್ಲ. ಅಡಿಕೆನ ಕತ್ತಿಗೆ ಒತ್ತಿ ತಿರುಗಿಸೋದು, ಸಿಪ್ಪೆ ಈ ಕಡೆ, ಅಡಿಕೆ ಆ ಕಡೆ ಬುಟ್ಟಿಗೆ, ನೋಡ್ತಾ ಇದ್ರೆ ಎಲ್ಲಿ ಶುರುವಾಯ್ತು ಎಲ್ಲಿ ಮುಗೀತು ಗೊತ್ತೇ ಆಗ್ತಿರ್ಲಿಲ್ಲ. ನಲವತ್ತು ಫೋಟೋದಲ್ಲಿ ಮುಖ ಇದೆ, ಕೈ ಇಲ್ಲ, ಕೈ ಇರಬೇಕಾದ ಜಾಗದಲ್ಲಿ ಕಂದು ಬಣ್ಣದ ಮಂಜು. ಒಂದೇ ಒಂದರಲ್ಲಿ, ಅಜ್ಜಿ ಯಾರಿಗೋ ಉತ್ತರ ಕೊಡೋಕೆ ಒಂದು ಗಳಿಗೆ ಕೈ ನಿಲ್ಸಿದ್ದಾಗ, ಬೆರಳು ಕಾಣುತ್ತೆ, ಹೆಬ್ಬೆರಳ ಉಗುರಿನ ಸುತ್ತ ಚೊಗರಿನ, ಅಂದ್ರೆ ಅಡಿಕೆಯ ಒಗರು ರಸದ, ಕರೀ ಕಲೆ ಕಾಣುತ್ತೆ, ಆದ್ರೆ ಅದರ ಮೇಲೆಲ್ಲಾ ರಾಗಿ ಚೆಲ್ಲಿದ ಹಾಗೆ ಕಾಳುಕಾಳು.

2014ರಲ್ಲಿ ಅಜ್ಜಿ ಹೋದ್ರು.

ಹೋದ ವರ್ಷ ಮಳೆಗಾಲ ಪೂರ್ತಿ ನಾನು ಯಾವ ಕ್ಯಾಮೆರಾ ಸಿಸ್ಟಮ್‌ಗೆ ಹೋಗೋದು ಅಂತ ಯೋಚನೆ ಮಾಡ್ತಾ ಕೂತಿದ್ದೆ, ಶಿವಮೊಗ್ಗದ ಬಾಡಿಗೆ ಮನೆಲಿ ರಾತ್ರಿ ಹನ್ನೊಂದರ ಮೇಲೆ, ಮಗಳು ಮಲಗಿದ್ಮೇಲೆ. ಒಳಗೆ ಕನ್ನಡಿ ಇರೋ ಹಳೇ ಡಿಎಸ್‌ಎಲ್‌ಆರ್‌ನಲ್ಲೇ ಉಳಿದು ಒಂದು ಒಳ್ಳೆ ಬಾಡಿ ಹಾಕ್ಕೊಳ್ಳೋದಾ, ಕನ್ನಡಿ ಇಲ್ಲದ, ದೊಡ್ಡ ಸೆನ್ಸರಿನ (ಬೆಳಕು ಹಿಡಿಯೋ ಚಿಪ್ಪು) ಫುಲ್ ಫ್ರೇಮ್ ಮಿರರ್‌ಲೆಸ್ಸಾ, ಇಲ್ಲಾ ಮೈಕ್ರೋ ಫೋರ್ ಥರ್ಡ್ಸ್ ಅಂತ ಸಣ್ಣ ಸೆನ್ಸರಿನದಾ. ಓದ್ತಾ ಹೋದ ಹಾಗೆ ಪ್ರತಿ ಸಲವೂ ಆ ಫೋಲ್ಡರ್ ನೆನಪಾಗೋದು. ಕೊನೆಗೆ ಒಂದಿನ ಅದನ್ನೇ ಅಳತೆಗೋಲು ಮಾಡ್ಕೊಂಡೆ. ಆ ರಾತ್ರಿ, ಆ ಬಲ್ಬು, ಆ ಕೈ, ಇವತ್ತು ಇದ್ದಿದ್ರೆ ಯಾವ ಕ್ಯಾಮೆರಾ ಬೇಕಾಗ್ತಿತ್ತು? ಹೀಗೆ ಕೇಳ್ಕೊಂಡ ಮೇಲೆ ಅರ್ಧ ಗೊಂದಲ ತಾನಾಗೇ ಇಳೀತು, ಅದನ್ನ ಬರೆಯೋಣ ಅನ್ನಿಸ್ತು.

ಮೊದಲು ನಮ್ಮ ಕಡೆ ಬೆಳಕಿನ ವಿಷ್ಯ. ರಿವ್ಯೂ ಬರೆಯೋರು ಬಹಳಷ್ಟು ಜನ ಬಿಸಿಲಿರೋ ಊರಲ್ಲಿ ಕೂತು ಬರೀತಾರೆ. ಮಲೆನಾಡಲ್ಲಿ ಜೂನ್‌ನಿಂದ ಸೆಪ್ಟೆಂಬರ್ ತನಕ ಬೆಳಕು ಅನ್ನೋದೇ ಬೇರೆ. ಆಗುಂಬೆ ಕಡೆ ಮಧ್ಯಾಹ್ನ ಎರಡು ಗಂಟೆಗೂ ವಾಹನಗಳು ಹೆಡ್‌ಲೈಟ್ ಹಾಕ್ಕೊಂಡು ಬರ್ತವೆ, ತೋಟದೊಳಗೆ ಹೋದ್ರೆ ಇನ್ನೂ ಕತ್ತಲು, ಅಡಿಕೆ ಸೋಗೆ ಮೇಲೆ, ಅದರ ಕೆಳಗೆ ಬಾಳೆ, ಏಲಕ್ಕಿ, ಅದರ ಕೆಳಗೆ ನೀವು. ಮಳೆ ನಿಂತ್ರೂ ಮರ ನಿಲ್ಲಲ್ಲ, ಹನಿ ಉದುರ್ತಾನೇ ಇರುತ್ತೆ. ಮನೆ ಒಳಗೂ ಅಷ್ಟೇ, ಹಂಚಿನ ಮಾಡು ತಗ್ಗು, ಕಿಟಕಿ ಸಣ್ಣದು, ಅಡಿಗೆಮನೆ ಹೊಗೆ ಹಿಡಿದು ಕಪ್ಪು. ಇಂಥ ಕಡೆ ಬೆಳೆದವನಿಗೆ ಸೆನ್ಸರ್ ಸುಧಾರಿಸೋದು ಅಂದ್ರೆ ಬರೀ ಸಂಖ್ಯೆ ದೊಡ್ಡದಾಗೋದಲ್ಲ, ದಿನದಲ್ಲಿ ಫೋಟೋ ತೆಗೆಯೋಕೆ ಸಿಗೋ ಹೊತ್ತು ಹೆಚ್ಚಾಗೋದು. ಹಿಂದೆ ಬೆಳಿಗ್ಗೆ ಹತ್ತರಿಂದ ನಾಲ್ಕರ ತನಕ ಇದ್ದಿದ್ದು ಈಗ ದೀಪ ಹಚ್ಚೋ ಹೊತ್ತಿನ ತನಕ ಬಂದಿದೆ, ಆಮೇಲೂ ನಡೆಯುತ್ತೆ.

ಆ ಕಾಳುಕಾಳು, ಅಂದ್ರೆ ನಾಯ್ಸ್, ಅದು ಎಲ್ಲಿಂದ ಬರುತ್ತೆ ಅಂತ ನನಗೆ ತುಂಬಾ ವರ್ಷ ಸರಿಯಾಗಿ ಗೊತ್ತಿರ್ಲಿಲ್ಲ, ಸೆನ್ಸರ್ ಚೆನ್ನಾಗಿಲ್ಲ ಅದಕ್ಕೇ ಬರುತ್ತೆ ಅಂದ್ಕೊಂಡಿದ್ದೆ. ಅರ್ಧ ಮಾತ್ರ ನಿಜ. ಬೇಸಿಗೆ ಕೊನೆಲಿ ಮೊದಲ ಮಳೆ ಬರುತ್ತಲ್ಲ, ಸಗಣಿ ಸಾರಿಸಿದ ಅಂಗಳದ ಮೇಲೆ ಮೊದಲ ಹನಿಗಳು ಬೀಳೋದನ್ನ ನೆನಪು ಮಾಡ್ಕೊಳ್ಳಿ. ಇಲ್ಲೊಂದು, ಅಲ್ಲಿ ನಾಲ್ಕು, ಇನ್ನೊಂದು ಕಡೆ ಒಂದೂ ಇಲ್ಲ. ಇಡೀ ಅಂಗಳ ಚುಕ್ಕೆಚುಕ್ಕೆ. ಅದೇ ಅರ್ಧ ಗಂಟೆ ಜೋರಾಗಿ ಹುಯ್ದ ಮೇಲೆ ನೋಡಿದ್ರೆ ಪ್ರತಿ ಗೇಣು ಜಾಗಕ್ಕೂ ಹೆಚ್ಚುಕಮ್ಮಿ ಒಂದೇ ಸಮ ನೀರು ಬಿದ್ದಿರುತ್ತೆ. ಮೋಡ ಬೇಧಭಾವ ಮಾಡಿದ್ದಲ್ಲ, ಹನಿ ಕಮ್ಮಿ ಇದ್ದಾಗ ಹಾಗೇ ಆಗೋದು. ಬೆಳಕೂ ಹನಿ ಹನಿಯಾಗೇ ಬರುತ್ತೆ. ಒಂದು ಪಿಕ್ಸೆಲ್‌ಗೆ ಸರಾಸರಿ 100 ಬೆಳಕಿನ ಕಣ ಬಿದ್ರೆ ಹತ್ತು ಆಚೀಚೆ ಆಗುತ್ತೆ, ಅಂದ್ರೆ ನೂರಕ್ಕೆ ಹತ್ತು ಏರುಪೇರು. 10,000 ಬಿದ್ರೆ ನೂರು ಆಚೀಚೆ, ನೂರಕ್ಕೆ ಒಂದೇ ಒಂದು. ಹಂಗಾಗಿ ಜಗಲಿ ಕತ್ತಲೆಲಿ ಕಾಣೋ ಕಾಳುಗಳಲ್ಲಿ ಬಹುಪಾಲು ಬೆಳಕಿನದೇ ಗುಣ. ಜಗತ್ತಲ್ಲಿ ಯಾರು ಎಂಥ ಸೆನ್ಸರ್ ಮಾಡಿದ್ರೂ ಬೀಳದೇ ಇರೋ ಬೆಳಕನ್ನ ಹಿಡಿಯೋಕಾಗಲ್ಲ.

ಉಳಿದ ಪಾಲು ಸೆನ್ಸರಿನದು, ಬಿದ್ದಿದ್ದನ್ನ ಓದುವಾಗ ಸರ್ಕ್ಯೂಟು ತಾನೇ ಸೇರ್ಸೋ ಗದ್ದಲ. ಸುಧಾರಣೆ ಆಗಿದ್ದು ಇಲ್ಲಿ. ಅಳೆಯೋ ಸರ್ಕ್ಯೂಟು ಸೆನ್ಸರ್ ಚಿಪ್ಪಿನ ಮೇಲೇ ಬಂದ್ಮೇಲೆ ಆ ಗದ್ದಲ ಬಹಳ ಇಳೀತು. 2010ರಲ್ಲಿ ಬಂದ ನಿಕಾನ್ ಡಿ7000ರ 16 ಮೆಗಾಪಿಕ್ಸೆಲ್ ಸೆನ್ಸರಲ್ಲಿ ಅದು ಕಣ್ಣಿಗೇ ಕಾಣೋ ಅಷ್ಟು ಗೊತ್ತಾಗ್ತಿತ್ತು. ಭಾವನ ಹತ್ರ ಅದಿತ್ತು, ನಾವಿಬ್ರೂ ಮಂಡಗದ್ದೆಗೆ ಹೋಗ್ತಿದ್ವಿ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಲಿ 30 ಕಿಲೋಮೀಟರ್ ಹತ್ರ, ತುಂಗಾ ನದಿ ನಡುವಿನ ಮರಗಳಲ್ಲಿ ಮಳೆಗಾಲದಲ್ಲಿ ಬೆಳ್ಳಕ್ಕಿ, ನೀರುಕಾಗೆ ಎಲ್ಲಾ ಗೂಡು ಕಟ್ತವೆ. ಅಲ್ಲಿನ ಕಷ್ಟ ಏನಂದ್ರೆ ಹಕ್ಕಿ ಸುಣ್ಣದಷ್ಟು ಬಿಳಿ, ಹಿಂದಿನ ಎಲೆ ನೀರು ಎಲ್ಲಾ ಕಪ್ಪು. ಎಲೆ ಕಾಣೋ ಹಾಗೆ ತೆಗೆದ್ರೆ ಹಕ್ಕಿ ಗರಿ ಹೋಗಿ ಬಿಳೀ ತೇಪೆ ಆಗುತ್ತೆ, ಗರಿ ಉಳಿಸಿದ್ರೆ ಉಳಿದಿದ್ದೆಲ್ಲಾ ಕತ್ತಲು. ಭಾವ ಗರಿಗೆ ಹದ ಮಾಡಿ ಕತ್ತಲೆಯಾಗೇ ತೆಗೆದು ಮನೆಗೆ ಬಂದು ಕಂಪ್ಯೂಟರಲ್ಲಿ ಕತ್ತಲೆ ಭಾಗ ಮಾತ್ರ ಎತ್ತೋರು. ಎತ್ತಿದಲ್ಲಿ ಗೂಡಿನ ಕಡ್ಡಿ, ಮರಿಯ ಕೊಕ್ಕು ಎಲ್ಲಾ ಬರೋದು, ಗಲೀಜಿಲ್ಲದೆ. ನನ್ನ ಡಿ90ಲ್ಲಿ ಅಷ್ಟೇ ಎತ್ತಿದ್ರೆ ಬರೀ ಕಾಳು. ಎರಡು ಕ್ಯಾಮೆರಾಗೂ ನಡುವೆ ಎರಡೇ ವರ್ಷ ಅಂತರ.

ಆಮೇಲೆ ಬ್ಯಾಕ್ ಸೈಡ್ ಇಲ್ಯುಮಿನೇಟೆಡ್ ಅಂತ ಬಂತು. ಹಿಂದಿನ ಸೆನ್ಸರಲ್ಲಿ ಬೆಳಕು ಹಿಡಿಯೋ ಜಾಗದ ಮೇಲ್ಗಡೆ ವೈರಿಂಗ್ ಇರ್ತಿತ್ತು, ಚಪ್ಪರಕ್ಕೆ ಸೋಗೆ ಹೊದಿಸಿದ ಹಾಗೆ, ಸಂದಿಲಿ ಬಂದಷ್ಟೇ ಬಿಸಿಲು. ಆ ವೈರಿಂಗನ್ನ ಕೆಳಗಡೆಗೆ ತಳ್ಳಿ ಬೆಳಕನ್ನ ಇನ್ನೊಂದು ಬದಿಯಿಂದ ಬಿಟ್ರು. ಮೊದಲು ಫೋನಿನಂಥ ಸಣ್ಣ ಸೆನ್ಸರ್‌ಗಳಿಗೆ ಇದರ ಲಾಭ ಆಗಿದ್ದು, ಫುಲ್ ಫ್ರೇಮಿಗೆ ಬಂದಿದ್ದು 2015ರಲ್ಲಿ ಸೋನಿ ಎ7ಆರ್ 2ರಲ್ಲಿ. ಈಗಿನ ಸೆನ್ಸರುಗಳು ತಮ್ಮ ತನಕ ಬಂದ ಬೆಳಕಿನ ಕಣಗಳಲ್ಲಿ ಅರ್ಧಕ್ಕಿಂತ ಹೆಚ್ಚನ್ನ ಹಿಡೀತವೆ. ಇನ್ನು ದುಪ್ಪಟ್ಟು ಮಾಡ್ತೀವಿ ಅಂದ್ರೂ ಜಾಗ ಇಲ್ಲ. ಪ್ರತಿ ಪಿಕ್ಸೆಲ್ ಮೇಲೆ ಕೆಂಪು, ಹಸಿರು, ನೀಲಿ ಯಾವುದಾದ್ರೂ ಒಂದು ಬಣ್ಣದ ಫಿಲ್ಟರ್ ಇರುತ್ತೆ, ಕೊಡಾಕ್‌ನಲ್ಲಿದ್ದ ಬ್ರೈಸ್ ಬೇಯರ್ 1976ರಲ್ಲಿ ಪೇಟೆಂಟ್ ತಗೊಂಡ ಏರ್ಪಾಡು, ಉಳಿದ ಬಣ್ಣದ ಬೆಳಕು ಅಲ್ಲೇ ನಷ್ಟ, ಅದನ್ನ ಬಿಟ್ರೆ ಬಣ್ಣ ಇರಲ್ಲ. ಇದನ್ನ ಯಾಕೆ ಇಷ್ಟು ಹೇಳ್ತಿದೀನಿ ಅಂದ್ರೆ, ನಾನು ವರ್ಷಗಟ್ಟಲೆ ಕಾದಿದ್ದು ಮುಂದಿನ ಸೆನ್ಸರ್ ಬರಲಿ ಅಂತ. 2008ರಿಂದ 2015ರ ತನಕ ಹಾಗೆ ಕಾಯೋದಕ್ಕೆ ಅರ್ಥ ಇತ್ತು. ಈಗ ಕತ್ತಲೆ ವಿಷ್ಯದಲ್ಲಿ ಹಾಗೆ ಕಾಯೋದ್ರಲ್ಲಿ ಹೆಚ್ಚೇನಿಲ್ಲ, ಈಗ ಮುಂದೆ ಹೋಗ್ತಿರೋದು ವೇಗ. ಅದಕ್ಕೆ ಆಮೇಲೆ ಬರ್ತೀನಿ.

ಫೋಟೋ ತೆಗೆಯೋರೆಲ್ಲಾ ಒಂದು ಮಾತು ಹೇಳ್ತಾರೆ, ಬಾಡಿ ಇವತ್ತು ಬರುತ್ತೆ ನಾಳೆ ಹೋಗುತ್ತೆ, ದುಡ್ಡು ಲೆನ್ಸಿಗೆ ಹಾಕು, ಲೆನ್ಸು ಉಳಿಯುತ್ತೆ ಅಂತ. ನಾನೂ ನಂಬಿದ್ದೆ. ಮಲೆನಾಡಲ್ಲಿ ಲೆನ್ಸೂ ಉಳಿಯಲ್ಲ. ನನ್ನ ಆ 50 ಎಂಎಂ ಲೆನ್ಸನ್ನ ಒಂದು ಮಳೆಗಾಲ ಊರ ಮನೆ ಬೀರುಲಿ ಬಿಟ್ಟು ಬಂದಿದ್ದೆ, ಚರ್ಮದ ಚೀಲದಲ್ಲಿ, ಬೆಚ್ಚಗೆ ಇರುತ್ತೆ ಅಂತ. ದೀಪಾವಳಿಗೆ ಹೋಗಿ ತೆಗೆದು ಕಿಟಕಿಗೆ ಹಿಡಿದು ನೋಡಿದ್ರೆ ಒಳಗಿನ ಗ್ಲಾಸಿನ ಅಂಚಿಂದ ಜೇಡನ ಬಲೆ ಹಂಗೆ ಬಿಳೀ ಎಳೆಗಳು, ಒಂದೊಂದು ಎಳೆ ತುದಿಲೂ ಇನ್ನೆರಡು ಕವಲು. ಬೂಷ್ಟು. ಗಾಳಿಲಿ ತೇವ 70 ಪರ್ಸೆಂಟ್ ದಾಟಿ ದಿನಗಟ್ಟಲೆ ನಿಂತ್ರೆ ಅದು ಬೆಳೆಯುತ್ತೆ, ನಮ್ಮಲ್ಲಿ ಜುಲೈಲಿ 90ರ ಮೇಲೇ ಇರುತ್ತೆ, ಕತ್ತಲೆ ಇದ್ರೆ ಇನ್ನೂ ಇಷ್ಟ ಅದಕ್ಕೆ, ಚರ್ಮದ ಚೀಲ ಅಂತೂ ನೀರು ಹೀರ್ಕೊಂಡು ಕೂರುತ್ತೆ. ಬೂಷ್ಟು ಬಿಡೋ ಆಮ್ಲ ಗ್ಲಾಸಿನ ಕೋಟಿಂಗನ್ನೇ ತಿನ್ನುತ್ತೆ, ಒರೆಸಿದ್ರೂ ಗುರುತು ಹೋಗಲ್ಲ. ಅದಾದ್ಮೇಲೆ ನಾನು ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೊಂದು ತೇವ ತೋರ್ಸೋ ಮೀಟರ್, ಸಿಲಿಕಾ ಜೆಲ್ ಇಟ್ಟಿದೀನಿ, 40ರಿಂದ 50ರ ಒಳಗೆ ಇರೋ ಹಾಗೆ ನೋಡ್ಕೊಳ್ತೀನಿ. ಮಣಿ ನೀಲಿಯಿಂದ ಗುಲಾಬಿಗೆ ತಿರುಗಿದ್ರೆ ಅಡಿಗೆಗೆ ಬಳಸದ ಒಂದು ಹಳೇ ಕಾವಲಿ ಮೇಲೆ ಹಾಕಿ ಸಣ್ಣ ಉರಿಲಿ ಕಾಯ್ಸಿದ್ರೆ ಮತ್ತೆ ನೀಲಿ. ಅಮ್ಮ ಅದನ್ನ ನೋಡಿ "ಎಂತದಾ ಅದು, ಸಾಬಕ್ಕಿ ಹುರೀತಿಯಾ" ಅಂತ ಕೇಳಿದ್ರು.

ಇನ್ನು ಮೌಂಟು, ಅಂದ್ರೆ ಲೆನ್ಸು ಬಾಡಿಗೆ ಕೂರೋ ಜಾಗ. ನಿಕಾನ್ ಎಫ್ ಮೌಂಟ್ ಶುರುವಾಗಿದ್ದು 1959ರಲ್ಲಿ, ಕ್ಯಾನನ್ ಇಎಫ್ 1987ರಲ್ಲಿ. ಅರವತ್ತು ವರ್ಷ, ಮೂವತ್ತು ವರ್ಷ ಬಾಳಿದ್ವು. 2018ರಲ್ಲಿ ಇಬ್ರೂ ಹೊಸ ಮಿರರ್‌ಲೆಸ್ ಮೌಂಟಿಗೆ ಬಂದ್ರು, ಝಡ್ ಮತ್ತು ಆರ್‌ಎಫ್. ಕನ್ನಡಿ ಹೋದ್ಮೇಲೆ ಲೆನ್ಸನ್ನ ಸೆನ್ಸರಿಗೆ ಹತ್ತಿರ ತರಬಹುದು, ಎಫ್ ಮೌಂಟಲ್ಲಿ 46.5 ಮಿಲಿಮೀಟರ್ ಇದ್ದ ಅಂತರ ಝಡ್‌ನಲ್ಲಿ 16ಕ್ಕೆ ಇಳೀತು. ಜಾಗ ಖಾಲಿ ಆಗಿದ್ರಿಂದ ಅಡಾಪ್ಟರ್ ಹಾಕಿ ಹಳೇ ಲೆನ್ಸ್ ಕೂರಿಸಬಹುದು, ಆದ್ರೆ ಬಾಡಿಯ ಮೋಟಾರಿಂದ ಫೋಕಸ್ ಆಗ್ತಿದ್ದ ಹಳೇ ಲೆನ್ಸುಗಳನ್ನ ನಿಕಾನಿನ ಎಫ್‌ಟಿಝಡ್ ಅಡಾಪ್ಟರಲ್ಲಿ ಕೈಯಿಂದ ತಿರುಗಿಸಿಯೇ ಫೋಕಸ್ ಮಾಡಬೇಕು. ಲೆನ್ಸ್ ರಾಶಿ ಇಟ್ಕೊಂಡಿರೋರಿಗೆ ಇದೇ ದೊಡ್ಡ ಲೆಕ್ಕಾಚಾರ, ನನ್ನ ಹತ್ರ ಅಂಥದ್ದೇನೂ ಉಳಿದಿರ್ಲಿಲ್ಲ, ಹಾಗಾಗಿ ನಾನು ಬೇಗ ದಾಟಿದೆ.

ಸಿಕ್ಕಾಪಟ್ಟೆ ಚರ್ಚೆ ಆಗಿದ್ದು ಭಾವನ ಜೊತೆ. ಅವರು ಕಪ್ಪೆ ಹುಚ್ಚಿನೋರು. ಮಳೆ ಶುರುವಾದ್ರೆ ರಾತ್ರಿ ಎಂಟಕ್ಕೆ ಟಾರ್ಚ್ ತಗೊಂಡು ತೋಟದ ಹೊಂಡದ ಹತ್ರ ಹೋಗಿ ಕೂರ್ತಾರೆ, ಅಲ್ಲಿ ನೀರಿನ ಮೇಲೆ ಬಾಗಿದ ಎಲೆಗಳಿಗೆ ಹಾರುವ ಕಪ್ಪೆಗಳು ನೊರೆ ಗೂಡು ಕಟ್ತವೆ, ಹಸಿರು ಮೈ, ಬೆರಳ ನಡುವೆ ಕಿತ್ತಳೆ ಬಣ್ಣದ ಜಾಲ. ಭಾವ ಡಿ7000 ಬಿಟ್ಟು ಒಎಂ-1 ತಗೊಂಡ್ರು, 2022ರಲ್ಲಿ ಬಂದಿದ್ದು, ಮೈಕ್ರೋ ಫೋರ್ ಥರ್ಡ್ಸ್, 20 ಮೆಗಾಪಿಕ್ಸೆಲ್. ಅದಕ್ಕೆ ಐಪಿ53 ಅಂತ ನೀರು ಧೂಳಿನ ರೇಟಿಂಗ್ ಇದೆ, ಮಳೆಲೇ ಹಿಡ್ಕೊಂಡು ಕೂರ್ತಾರೆ. ನಾನು ಸೆನ್ಸರ್ ಸಣ್ಣದಲ್ವಾ ಭಾವ ಅಂದೆ. ಫುಲ್ ಫ್ರೇಮ್ 36ಕ್ಕೆ 24 ಮಿಲಿಮೀಟರ್, ಅವರದು 17.3ಕ್ಕೆ 13, ವಿಸ್ತೀರ್ಣ ಹತ್ತಿರತ್ತಿರ ನಾಲ್ಕರಲ್ಲಿ ಒಂದು ಪಾಲು. ಅಂಗಳ ಸಣ್ಣದಾದ್ರೆ ಬೀಳೋ ಹನಿ ಕಮ್ಮಿ, ಕಾಳು ಜಾಸ್ತಿ, ಎರಡು ಸ್ಟಾಪ್ ಸೋಲು, ಒಂದೊಂದು ಸ್ಟಾಪ್ ಅಂದ್ರೆ ಬೆಳಕು ಅರ್ಧ ಆಗೋದು.

ಅವರು ಕೇಳಿದ್ರು, "ಸರಿ ಮಾರಾಯ, ಕಪ್ಪೆ ಕಣ್ಣಿಂದ ಹಿಂಗಾಲ ತನಕ ಎಲ್ಲಾ ಸ್ಪಷ್ಟ ಬೇಕು ಅಂದ್ರೆ ನೀನು ನಿನ್ನ ಫುಲ್ ಫ್ರೇಮಲ್ಲಿ ಎಷ್ಟಕ್ಕೆ ಮುಚ್ತೀಯ?"

"ಎಫ್ 16 ಬೇಕಾಗ್ತದೆ."

"ನಂಗೆ ಎಫ್ 8 ಸಾಕು. ನೀನು ಎರಡು ಸ್ಟಾಪ್ ಮುಚ್ಚಿದ್ಮೇಲೆ ನಿನ್ ದೊಡ್ಡ ಸೆನ್ಸರ್ ಎಂತ ಮಾಡ್ತದೆ?"

ನಾನು ಅವತ್ತು ರಾತ್ರಿ ಪೇಪರಲ್ಲಿ ಲೆಕ್ಕ ಹಾಕಿದೆ, ಅವರು ಹೇಳಿದ್ದೇ ಸರಿ. ಒಂದೇ ಚೌಕಟ್ಟು, ಒಂದೇ ಆಳದ ಫೋಕಸ್, ಒಂದೇ ಶಟರ್ ಇಟ್ಕೊಂಡ್ರೆ ಎರಡೂ ಸೆನ್ಸರಿಗೂ ಬರೋ ಒಟ್ಟು ಬೆಳಕು ಒಂದೇ. ದೊಡ್ಡ ಸೆನ್ಸರಿನ ಗೆಲುವು ಎಲ್ಲಿ ಅಂದ್ರೆ ಲೆನ್ಸನ್ನ ಪೂರ್ತಿ ತೆರೆದು ಫೋಕಸ್ಸಿನ ಆಳ ಕಮ್ಮಿ ಆದ್ರೂ ಪರವಾಗಿಲ್ಲ ಅನ್ನೋ ಫೋಟೋದಲ್ಲಿ. ಭಾವನ ಕ್ಯಾಮೆರಾ ಮೇಲಾಗಿ ಫೋಕಸನ್ನ ತಾನೇ ಸ್ವಲ್ಪ ಸ್ವಲ್ಪ ಸರಿಸ್ತಾ ಹತ್ತು ಹದಿನೈದು ಫೋಟೋ ಹೊಡೆದು ಒಳಗೇ ಜೋಡ್ಸುತ್ತೆ, ಕಪ್ಪೆ ಅಲ್ಲಾಡದೆ ಕೂತಿದ್ರೆ. ಹಕ್ಕಿಗೂ ಅಷ್ಟೇ, 300 ಎಂಎಂ ಎಫ್ 4 ಲೆನ್ಸಲ್ಲಿ ಅವರಿಗೆ 600ರ ಚೌಕಟ್ಟು ಸಿಗುತ್ತೆ, ಫುಲ್ ಫ್ರೇಮಿನ 600 ಎಫ್ 4 ಹೊರಬೇಕು ಅಂದ್ರೆ 3 ಕೆಜಿ ಮೇಲೆ, ಕವಲೇದುರ್ಗ ಹತ್ತೋದು ಹೇಗೆ. ಅವರ ಕೆಲಸಕ್ಕೆ ಅವರ ಸಿಸ್ಟಮ್ಮೇ ಸರಿ ಅಂತ ನಾನು ಒಪ್ಪಿದೆ, ಈಗಲೂ ಕಪ್ಪೆ, ಹಾವು, ಅಣಬೆ ತೆಗೆಯೋರು ಯಾರಾದ್ರೂ ಕೇಳಿದ್ರೆ ಅದನ್ನೇ ಹೇಳ್ತೀನಿ.

ನನ್ನದು ಜಗಲಿ. ಮನುಷ್ಯರು, ಒಂದು ಬಲ್ಬು, ನಿಲ್ಲದ ಕೈ. ಅಲ್ಲಿ ನಂಗೆ ಹಿಂದಿನ ಗೋಡೆ ಸ್ಪಷ್ಟ ಬೇಡ.

ವೇಗದ ವಿಷ್ಯ ಬಾಕಿ ಇತ್ತಲ್ಲ. ಗೆಳೆಯನೊಬ್ಬನ ಮಿರರ್‌ಲೆಸ್ ಕ್ಯಾಮೆರಾ ಇಸ್ಕೊಂಡು ಹಿಂದಿನ ಸುಗ್ಗಿಲಿ ಊರಿಗೆ ಹೋಗಿದ್ದೆ. ಸದ್ದು ಬೇಡ ಅಂತ ಎಲೆಕ್ಟ್ರಾನಿಕ್ ಶಟರ್ ಹಾಕಿ 1/250ರಲ್ಲಿ ಅಮ್ಮನ ಫೋಟೋ ತೆಗೆದೆ. ಮನೇಲಿ ಸ್ಕ್ರೀನಲ್ಲಿ ನೋಡಿದ್ರೆ ಫೋಟೋದ ಅಡ್ಡಕ್ಕೆ ಐದು ಕಪ್ಪು ಪಟ್ಟೆ, ಅಮ್ಮನ ಮುಖದ ಮೇಲೂ ಒಂದು. ಬಹಳ ಬೇಜಾರಾಯ್ತು, ಆಮೇಲೆ ಕಾರಣ ಹುಡುಕಿದೆ. 2015ರಲ್ಲಿ ಕಮ್ಮಿ ಬೆಲೆಗೆ ಎಲ್‌ಇಡಿ ಕೊಡೋ ಸರ್ಕಾರದ ಉಜಾಲಾ ಯೋಜನೆ ಬಂದ್ಮೇಲೆ ನಮ್ಮೂರಲ್ಲೂ ಎಲ್ಲರ ಮನೇಲೂ ಎಲ್‌ಇಡಿ ಬಲ್ಬು. ನಮ್ಮ ಕರೆಂಟು 50 ಹರ್ಟ್ಸ್, ಬಲ್ಬಿನ ಒಳಗಿನ ಸರ್ಕ್ಯೂಟು ಸಾಧಾರಣದ್ದಾದ್ರೆ ಅದು ಸೆಕೆಂಡಿಗೆ 100 ಸಲ ಮಿನುಗುತ್ತೆ, ಕಣ್ಣಿಗೆ ಗೊತ್ತಾಗಲ್ಲ. ಸಾಮಾನ್ಯ ಸೆನ್ಸರು ತನ್ನ ಸಾಲುಗಳನ್ನ ಮೇಲಿಂದ ಕೆಳಗೆ ಒಂದಾದ್ಮೇಲೆ ಒಂದು ಓದುತ್ತೆ, ಪೂರ್ತಿ ಓದೋಕೆ 1/20 ಸೆಕೆಂಡ್ ಹಿಡೀತು ಅಂದ್ಕೊಳ್ಳಿ, ಅಷ್ಟರೊಳಗೆ ಬಲ್ಬು ಐದು ಸಲ ಮಂಕಾಗಿ ಐದು ಸಲ ಬೆಳಗಿರುತ್ತೆ. ಅದೇ ಐದು ಪಟ್ಟೆ. ಶಟರ್ 1/100 ಇಟ್ರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗು ಸಿಕ್ಕಿ ಪಟ್ಟೆ ಹೋಗುತ್ತೆ, ಆದ್ರೆ ಸುಲಿಯೋ ಕೈ ಮತ್ತೆ ಮಂಜಾಗುತ್ತೆ.

ಸ್ಟ್ಯಾಕ್ಡ್ ಸೆನ್ಸರ್ ಅಂತ ಬಂದಿದ್ದು ಇದಕ್ಕೆ. ಸೆನ್ಸರಿನ ಬೆನ್ನಿಗೇ ಮೆಮೊರಿ ಅಂಟಿಸಿ ಬೇಗ ಓದಿ ಮುಗಿಸೋದು. 2017ರ ಸೋನಿ ಎ9ರಲ್ಲಿ ಫುಲ್ ಫ್ರೇಮಿಗೆ ಬಂತು, 2021ರ ನಿಕಾನ್ ಝಡ್9 ಎಷ್ಟು ಬೇಗ ಓದುತ್ತೆ ಅಂದ್ರೆ ಅದರಲ್ಲಿ ಮೆಕಾನಿಕಲ್ ಶಟರನ್ನೇ ತೆಗೆದುಬಿಟ್ರು. 2023ರ ನವೆಂಬರಲ್ಲಿ ಸೋನಿ ಎ9 3 ಅಂತ ತೋರಿಸಿದ್ರು, ಗ್ಲೋಬಲ್ ಶಟರ್, ಎಲ್ಲಾ ಸಾಲೂ ಒಂದೇ ಗಳಿಗೆಲಿ, ಒಂದು ಫೋಟೋದ ಒಳಗೆ ಪಟ್ಟೆ ಅನ್ನೋದೇ ಇರಲ್ಲ, ಆದ್ರೆ ಬಲ್ಬಿನ ಮಿನುಗಿಗೆ ಒಂದು ಫೋಟೋ ಬೆಳಕು ಒಂದು ಮಂಕು ಆಗಬಹುದು. ಅದರ ಬೇಸ್ ಐಎಸ್‌ಒ 250ರಿಂದ ಶುರು, ಪಿಕ್ಸೆಲ್ ಒಳಗೇ ಹೆಚ್ಚು ಸರ್ಕ್ಯೂಟ್ ತುಂಬಬೇಕಲ್ಲ, ಬೆಳಕಿಗೆ ಜಾಗ ಕಮ್ಮಿ. ಕ್ರಿಕೆಟ್, ಓಟ ತೆಗೆಯೋರಿಗೆ ಇದು ದೊಡ್ಡ ವರ. ನಂಗೆ ಅದರ ಅರ್ಧ ಕೆಲಸಾನ ಮೆಕಾನಿಕಲ್ ಶಟರ್ರೇ ಮಾಡಿಕೊಡುತ್ತೆ, ಟಕ್ ಅಂತ ಸಣ್ಣ ಸದ್ದು ಬರುತ್ತೆ, ಬರಲಿ.

ಎಲ್‌ಇಡಿದು ಇನ್ನೊಂದು ಇದೆ, ಇದನ್ನ ಯಾವ ಸೆನ್ಸರೂ ಸರಿ ಮಾಡಲ್ಲ. ಸುಲಿದ ಹಸಿ ಅಡಿಕೆನ ಹಂಡೆಲಿ ಚೊಗರು ಹಾಕಿ ಬೇಯಿಸಿ ತೆಗೆದಾಗ ಒಂದು ಕೆಂಪು ಬರುತ್ತೆ, ಕೆಂಪಲ್ಲ, ಕಂದೂ ಅಲ್ಲ, ನಮ್ಮ ಕಡೆಯೋರಿಗೆ ಹೇಳಬೇಕಾಗಿಲ್ಲ. ಹಳೇ ತಂತಿ ಬಲ್ಬಿನ ಬೆಳಕಲ್ಲಿ ಕೆಂಪು ಧಾರಾಳ ಇರ್ತಿತ್ತು, ಆ ಬಣ್ಣ ಕಣ್ಣಿಗೂ ಕ್ಯಾಮೆರಾಗೂ ತುಂಬಿ ಬರೋದು. ಅಗ್ಗದ ಎಲ್‌ಇಡಿಲಿ ಗಾಢ ಕೆಂಪಿನ ಪಾಲು ಕಮ್ಮಿ, ಬೆಂದ ಅಡಿಕೆ ಮಣ್ಣಿನ ಬಣ್ಣಕ್ಕೆ ತಿರುಗುತ್ತೆ, ಮನುಷ್ಯರ ಮುಖ ರಕ್ತ ಬತ್ತಿದ ಹಾಗೆ ಕಾಣುತ್ತೆ. ಸೆನ್ಸರು ಹತ್ತು ವರ್ಷದಲ್ಲಿ ಇಷ್ಟು ಮುಂದೆ ಬಂತು, ಅದೇ ಹತ್ತು ವರ್ಷದಲ್ಲಿ ಜಗಲಿಯ ಬೆಳಕು ಕೆಟ್ಟಿತು. ಕ್ಯಾಮೆರಾ ಬಗ್ಗೆ ಅಷ್ಟೊಂದು ಓದಿದ್ದರಲ್ಲಿ ಇದನ್ನ ಹೇಳಿದ್ದು ಬಹಳ ಕಮ್ಮಿ, ನನ್ನ ಮಟ್ಟಿಗೆ ಅರ್ಧ ಫೋಟೋ ಇದರಲ್ಲೇ ಇತ್ತು.

ಕೊನೆಗೆ ನಾನು ತಗೊಂಡಿದ್ದು ಸೆಕೆಂಡ್ ಹ್ಯಾಂಡ್ ನಿಕಾನ್ ಝಡ್6 2, 24 ಮೆಗಾಪಿಕ್ಸೆಲ್, ಬ್ಯಾಕ್ ಸೈಡ್ ಇಲ್ಯುಮಿನೇಟೆಡ್, ಸ್ಟ್ಯಾಕ್ಡ್ ಅಲ್ಲ. ಜೊತೆಗೆ 40 ಎಂಎಂ ಎಫ್ 2, ಬರೀ 170 ಗ್ರಾಂ, ಒಂದು ದೊಡ್ಡ ಪೇರಳೆ ಹಣ್ಣಿನಷ್ಟು. ಟೆಲಿ ಲೆನ್ಸ್ ತಗೊಳ್ಳಲಿಲ್ಲ, ಮಂಡಗದ್ದೆಗೆ ಹೋದ್ರೆ ಭಾವನ ಪಕ್ಕ ಬೈನಾಕ್ಯುಲರ್ ಹಿಡ್ಕೊಂಡು ಕೂರ್ತೀನಿ. 24ರ ಜಾಗದಲ್ಲಿ 45 ಮೆಗಾಪಿಕ್ಸೆಲ್ ಇದ್ದಿದ್ರೆ ಅನ್ನೋ ಆಸೆ ಒಂದು ವಾರ ಕಾಡ್ತು, ಮನೇಲಿ ಪ್ರಿಂಟ್ ಹಾಕ್ಸೋದು ದೊಡ್ಡದು ಅಂದ್ರೆ ಹನ್ನೆರಡು ಇಂಚು ಹದಿನೆಂಟು ಇಂಚು, ಅದಕ್ಕೆ ಡಿ90ರ 12 ಮೆಗಾಪಿಕ್ಸೆಲ್ಲೇ ಸಾಲ್ತಿತ್ತು ಅಂತ ನೆನಪಾಗಿ ಬಿಟ್ಟೆ.

ಹಣ ಕೊಡೋಕೆ ಮುಂಚೆ ಒಂದು ಕೆಲಸ ಮಾಡಿದೆ. ಹೊಸ ಕ್ಯಾಮೆರಾನೇ ಬೇಡ, ಈಗ ಕಾಳು ತೆಗೆಯೋ ಎಐ ಡಿನಾಯ್ಸ್ ಸಾಫ್ಟ್‌ವೇರ್ ಇದೆ, ಹಳೇ ರಾ ಫೈಲನ್ನೂ (ಕ್ಯಾಮೆರಾ ಹಿಡಿದ ಹಾಗೇ ಉಳಿಸೋ ಫೈಲು) ಸ್ವಚ್ಛ ಮಾಡುತ್ತೆ ಅಂತ ಗೆಳೆಯ ಹೇಳಿದ್ದ. 2012ರ ಆ ಒಂದೇ ಒಂದು ಫೈಲನ್ನ, ಅಜ್ಜಿ ಕೈ ನಿಂತಿದ್ದನ್ನ, ಅದಕ್ಕೆ ಹಾಕಿದೆ. ಎರಡು ನಿಮಿಷದಲ್ಲಿ ಕಾಳೆಲ್ಲಾ ಮಾಯ. ಜಗಲಿ ಗೋಡೆ ನುಣ್ಣಗೆ, ಸೀರೆ ಅಂಚು ಸ್ಪಷ್ಟ, ನಂಗೆ ಗಂಟಲು ಕಟ್ತು. ಆಮೇಲೆ ಕೈಗೆ ಝೂಮ್ ಮಾಡಿದೆ. ಹೆಬ್ಬೆರಳ ಉಗುರಿನ ಸುತ್ತ ಇದ್ದ ಚೊಗರಿನ ಕಲೆ ಇಲ್ಲ. ಆ ಸಾಫ್ಟ್‌ವೇರಿಗೆ ಅದು ಕಾಳಿನ ಜೊತೆಗಿನ ಕೊಳೆ ಅನ್ನಿಸಿರಬೇಕು, ಒರೆಸಿ ಅಲ್ಲಿ ನಯವಾದ ಚರ್ಮ ತುಂಬಿದೆ. ಬೆರಳ ಗೆಣ್ಣಿನ ಗೆರೆಗಳು ಇವೆ, ಆದ್ರೆ ಅವು ಅಜ್ಜಿದಲ್ಲ, ಯಾವುದೋ ಸಾವಿರಾರು ಕೈಗಳನ್ನ ನೋಡಿ ಕಲ್ತ ಗೆರೆ. ಐವತ್ತು ಸುಗ್ಗಿ ಸುಲಿದ ಕೈ ಅದು. ಎರಡೂ ಫೈಲನ್ನ ಪಕ್ಕ ಪಕ್ಕ ಇಟ್ಕೊಂಡು ಎಷ್ಟು ಹೊತ್ತು ಕೂತಿದ್ದೆ ಅಂತ ಗೊತ್ತಿಲ್ಲ. ಬೀಳದೇ ಹೋದ ಬೆಳಕನ್ನ ಆಮೇಲೆ ತರೋಕಾಗಲ್ಲ ಅಂತ ನಂಗೆ ಅವತ್ತು ಖಾತ್ರಿ ಆಯ್ತು, ಮಾರನೇ ದಿನ ಬೆಳಿಗ್ಗೆ ಫೋನ್ ಮಾಡಿ ಕ್ಯಾಮೆರಾ ತಗೊಳ್ತೀನಿ ಅಂದೆ.

ಈ ಸಲದ ಸುಗ್ಗಿಗೆ ಊರಿಗೆ ಹೋದಾಗ ಜಗಲಿಲಿ ಏಳೆಂಟು ಜನ ಇರ್ಲಿಲ್ಲ. ಈಗ ಸುಲಿಯೋ ಮೆಷಿನ್ನು, ಕೊನೆ (ಅಡಿಕೆ ಗೊಂಚಲು) ಇಳಿಸಿ ತಂದು ಸುರಿದ್ರೆ ಒಂದೇ ದಿನದಲ್ಲಿ ಮುಗಿಯುತ್ತೆ. ಮೆಷಿನ್ನಿಗೆ ಸಿಗದೆ ಉಳಿದ ಸ್ವಲ್ಪ ಅಡಿಕೆನ ಅಮ್ಮ ಮತ್ತೆ ಪಕ್ಕದ್ಮನೆ ಚಿಕ್ಕಮ್ಮ ಇಬ್ರೇ ರಾತ್ರಿ ಊಟ ಆದ್ಮೇಲೆ ಕೂತು ಸುಲೀತಾರೆ, ಅಜ್ಜಿದೇ ಮೆಟ್ಟುಗತ್ತಿ. ನಾಗಂದಿಗೆ ಮೇಲೆ ಹಳೇ ಡಬ್ಬದಲ್ಲಿ ಹುಡುಕಿದ್ರೆ ಒಂದು ತಂತಿ ಬಲ್ಬು ಸಿಕ್ತು, 60 ವ್ಯಾಟಿಂದೇ, ಎಲ್‌ಇಡಿ ತೆಗೆದು ಅದನ್ನ ಹಾಕಿದೆ, ಹತ್ತಿತು. "ಆ ಬಲ್ಬೆಂತಕ್ಕೆ ಈಗ, ಸೆಕೆ ಆಗ್ತದೆ, ಹುಳ ಮುತ್ಕೊಳ್ತದೆ" ಅಂದ್ರು ಅಮ್ಮ. ಎಫ್ 2, 1/250, ಐಎಸ್‌ಒ 10,000. ಹಿಂದಿನ ಪರದೆಲಿ ದೊಡ್ಡದು ಮಾಡಿ ನೋಡಿದೆ, ಕತ್ತಿ ಅಂಚಲ್ಲಿ ಅಡಿಕೆ ಅರ್ಧ ತಿರುಗಿದೆ, ಸಿಪ್ಪೆ ಬಿಡ್ತಾ ಇದೆ, ಅದರಿಂದ ಚಿಮ್ಮಿದ ಒಂದು ಹನಿ ಕೂಡ ಗಾಳಿಲಿ ನಿಂತಿದೆ, ಅಮ್ಮನ ಹೆಬ್ಬೆರಳಿಗೂ ಈಗ ಕಲೆ ಕೂತಿದೆ. ಕಾಳು ಇಲ್ಲ ಅಂತಲ್ಲ, ಇದೆ, ಹದವಾಗಿ ಇದೆ.

ಅಮ್ಮ ಫೋಟೋ ನೋಡಿ ಕತ್ತಿ ಪಕ್ಕಕ್ಕಿಟ್ಟು ಕೇಳಿದ್ರು, "ಅತ್ತೇದು ಒಂದಿತ್ತಲಾ, ಕೈ ಕಾಣೋದು, ಅದನ್ನ ಒಂದು ಪ್ರಿಂಟ್ ಹಾಕ್ಸು ಮಾರಾಯ." ಲ್ಯಾಪ್‌ಟಾಪಲ್ಲಿ ಎರಡೂ ತೋರಿಸಿದೆ, ಸ್ವಚ್ಛ ಮಾಡಿದ್ದು, ಹಳೇದು, ಯಾವುದು ಯಾವುದು ಅಂತ ಹೇಳಲಿಲ್ಲ. ಕನ್ನಡಕ ಹಾಕ್ಕೊಂಡು ನೋಡಿ ಹಳೇದರ ಮೇಲೆ ಬೆರಳಿಟ್ರು.

ಶಿವಮೊಗ್ಗದಲ್ಲಿ ಒಂದು ಸ್ಟುಡಿಯೋಲಿ ಐದಕ್ಕೆ ಏಳು ಇಂಚು ಹಾಕ್ಸಿದೆ, ಆ ಅಳತೆಲಿ ಕಾಳುಗಳು ಒಂದರೊಳಗೊಂದು ಸೇರಿ ಹೋಗಿ ಹೆಚ್ಚು ಕಾಣಲ್ಲ, ಉಗುರಿನ ಕಲೆ ಕಾಣುತ್ತೆ. ಫ್ರೇಮ್ ಹಾಕ್ಸಿ ಊರಿಗೆ ತಗೊಂಡು ಹೋಗೋ ಹೊತ್ತಿಗೆ ಜೂನ್ ಬಂದಿತ್ತು. ಜಗಲಿ ಗೋಡೆ ಆಗಲೇ ನೀರು ಎಳೀತಾ ಇತ್ತು. ಅದಕ್ಕೆ ಫೋಟೋನ ಕ್ಯಾಮೆರಾ ಡಬ್ಬದೊಳಗೇ, ಸಿಲಿಕಾ ಜೆಲ್ ಪಕ್ಕ ಇಟ್ಟಿದೀನಿ, ದೀಪಾವಳಿಗೆ ಗೋಡೆ ಒಣಗಿದ್ಮೇಲೆ ಮೊಳೆ ಹೊಡೆಯೋದು.